ಅಪೂರ್ಣಸಿದ್ಧಾಂತ: ದಕ್ಷಿಣ ಯುರೋಪಿನ ಕಟ್ಟಡಗಳು ನಿಂತಿರುವ ಕಾರಣದ ಬಗ್ಗೆ ಒಂದು ಶಾಸ್ತ್ರವಿಚಾರ

ಪ್ರತಿಜ್ಞೆ ಇದು: ದಕ್ಷಿಣ ಯುರೋಪಿನ ಕಟ್ಟಡಗಳನ್ನು ಹಿಡಿದು ನಿಲ್ಲಿಸಿರುವ ಶಕ್ತಿ ಅವುಗಳ ಅಪೂರ್ಣತೆ. ಕಲ್ಲು, ಗಾರೆ, ಕಮಾನು ಎಲ್ಲವೂ ನಿಮಿತ್ತಮಾತ್ರ. ಲಿಸ್ಬನ್‌ನಿಂದ ಅಥೆನ್ಸ್‌ವರೆಗೆ ತಿರುಗುವ ಪ್ರವಾಸಿಗರು ಇದರ ಪ್ರಮಾಣಗಳನ್ನು ದಿನವೂ ಕಣ್ಣಾರೆ ಕಾಣುತ್ತಾರೆ. ಆದರೆ ಶಾಸ್ತ್ರದೃಷ್ಟಿಯಿಲ್ಲದ ಕಾರಣ, ಸಾರುವೆ ಕಟ್ಟಿ ಫೋಟೋ ಹಾಳು ಮಾಡಿದರೆಂದು ಗೊಣಗಿ ಮುಂದಿನ ಬಸ್ಸು ಹತ್ತುತ್ತಾರೆ. ಆ ಸಾರುವೆಯೇ ಕಟ್ಟಡದ ದೃಷ್ಟಿಬೊಟ್ಟು ಎಂಬುದನ್ನು ಪ್ರತ್ಯಕ್ಷ, ಅನುಮಾನ ಎಂಬ ಎರಡು ಪ್ರಮಾಣಗಳಿಂದ ಸಾಧಿಸುವುದು ಈ ಪ್ರಬಂಧದ ಉದ್ದೇಶ.

ಮೊದಲ ಉದಾಹರಣೆ ಪೀಸಾದ ವಾಲುಗೋಪುರ. 1173ರಲ್ಲಿ ಕೆಲಸ ಹಿಡಿದರು. ಮೂರನೆಯ ಅಂತಸ್ತು ಏಳುವಷ್ಟರಲ್ಲಿ ಅಡಿಯ ಮೆತ್ತನೆಯ ಮಣ್ಣು ಕುಸಿದು ಗೋಪುರ ವಾಲತೊಡಗಿತು. ಅಷ್ಟರಲ್ಲಿ ಪೀಸಾದವರಿಗೆ ನೆರೆಯ ಊರುಗಳೊಡನೆ ಯುದ್ಧ ಮಾಡುವ ತುರ್ತು ಬಂದು ಕೆಲಸ ಸುಮಾರು ನೂರು ವರ್ಷ ನಿಂತುಹೋಯಿತು. ಆ ನೂರು ವರ್ಷದಲ್ಲಿ ಮಣ್ಣು ತಾನಾಗಿ ಅದುಮಿಕೊಂಡು ಗಟ್ಟಿಯಾಯಿತು. ಬಿಡುವಿಲ್ಲದೆ ಕಟ್ಟಿದ್ದರೆ ಗೋಪುರ ಆಗಲೇ ಉರುಳುತ್ತಿತ್ತು ಎಂದು ಹೇಳುವವರು ಈ ಪಂಥಕ್ಕೆ ಸೇರಿದವರಲ್ಲ, ಮಣ್ಣುಶಾಸ್ತ್ರದ ಎಂಜಿನಿಯರುಗಳು. ಅವರೇ 1990ರಲ್ಲಿ ಗೋಪುರದ ಬಾಗಿಲು ಹಾಕಿ, ಹನ್ನೊಂದು ವರ್ಷ ದುಡಿದು, ಉತ್ತರದ ಬದಿಯ ಮಣ್ಣನ್ನು ಚೂರುಚೂರೇ ಹೊರತೆಗೆದು ಓಲನ್ನು ಸುಮಾರು 5.5 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಿದರು. ಪೂರ್ತಿ ನೆಟ್ಟಗೆ ಮಾಡಲು ಮಾತ್ರ ಹೋಗಲಿಲ್ಲ. ಟಿಕೆಟ್ ಕೌಂಟರಿನ ಹಿತಕ್ಕಾಗಿ ಎಂದು ಲೌಕಿಕರು ಹೇಳಬಹುದು. ಅಪೂರ್ಣಸಿದ್ಧಾಂತಕ್ಕೆ ಅವರು ಮೌನವಾಗಿ ಒತ್ತಿದ ಮೊಹರು ಎಂಬುದು ನಮ್ಮ ಪಾಠ.

ವ್ಯತಿರೇಕದ ಉದಾಹರಣೆ ಪಾರ್ಥೆನಾನ್. ಅಥೆನ್ಸಿನವರು ಕ್ರಿ.ಪೂ. 447ರಲ್ಲಿ ಆರಂಭಿಸಿ 432ರೊಳಗೆ ಶಿಲ್ಪಗಳ ಸಮೇತ ಮುಗಿಸಿದರು. ಹದಿನೈದೇ ವರ್ಷ! ಈ ಅವಸರದ ಫಲ 1687ರಲ್ಲಿ ಕೈಗೆ ಬಂತು. ಆಟೊಮನ್ನರು ಒಳಗೆ ಮದ್ದು ತುಂಬಿಟ್ಟಿದ್ದರು, ವೆನಿಸ್‌ನವರ ಗುಂಡು ಅದಕ್ಕೇ ತಗುಲಿ ಮಧ್ಯಭಾಗ ಸಿಡಿದುಹೋಯಿತು. ನಡುವೆ ಎರಡು ಸಾವಿರ ವರ್ಷ ಸುಖವಾಗಿಯೇ ನಿಂತಿತ್ತಲ್ಲ ಎಂದು ಪೂರ್ವಪಕ್ಷದವರು ಕೇಳಿದರೆ, ಕರ್ಮಫಲ ತಡವಾದರೂ ತಪ್ಪುವುದಿಲ್ಲ ಎಂಬುದು ಉತ್ತರ. ಈಗಿನವರಿಗೆ ಬುದ್ಧಿ ಬಂದಿದೆ. 1983ರಲ್ಲಿ ಶುರುವಾದ ಪಾರ್ಥೆನಾನ್‌ನ ದುರಸ್ತಿ, ಕಟ್ಟಲು ಹಿಡಿದ ಕಾಲದ ಎರಡು ಪಟ್ಟನ್ನು ಎಂದೋ ದಾಟಿದೆ. ಮಿಲಾನಿನವರು ಇನ್ನೂ ಮುಂದಾಲೋಚನೆಯವರು. 1386ರಲ್ಲಿ ಆರಂಭಿಸಿದ ಮಹಾಮಂದಿರಕ್ಕೆ ಕೊನೆಯ ಬಾಗಿಲು ಕೂಡಿಸಿದ್ದು 1965ರಲ್ಲಿ. ಅದನ್ನು ಕಟ್ಟಲೆಂದೇ 1387ರಲ್ಲಿ ಹುಟ್ಟಿದ ಸಂಸ್ಥೆ ಇಂದಿಗೂ ಕಲ್ಲು ಬದಲಿಸುತ್ತ ಕೆಲಸದಲ್ಲಿದೆ.

ಈಗ ಆಕ್ಷೇಪಗಳು. ರೋಮಿನ ಪ್ಯಾಂಥಿಯನ್ ಪೂರ್ಣಗೊಂಡೂ ಸುಮಾರು 1,900 ವರ್ಷದಿಂದ ನಿಂತಿದೆ, ಆದ್ದರಿಂದ ಹೇತು ಕೆಟ್ಟಿತು ಎನ್ನುತ್ತಾರೆ. ಇವರು ಒಳಗೆ ಹೋಗಿ ತಲೆ ಎತ್ತಿ ನೋಡಿಲ್ಲ. ಗುಮ್ಮಟದ ನಡುನೆತ್ತಿಯಲ್ಲಿ ಎಂಟು ಮೀಟರಿಗೂ ಅಗಲವಾದ ತೂತಿದೆ. ಮಳೆ ನೇರವಾಗಿ ಒಳಗೆ ಸುರಿಯುತ್ತದೆ, ನೀರು ಹೋಗಲು ನೆಲದಲ್ಲಿ ಕಿಂಡಿಗಳಿವೆ. ತೂತನ್ನು ಮುಚ್ಚುವ ಬದಲು ನೆಲಕ್ಕೆ ಕಿಂಡಿ ಕೊರೆದ ಚಕ್ರವರ್ತಿ ಹೇಡ್ರಿಯನ್ ನಮ್ಮ ಪಂಥದ ಪೂರ್ವಾಚಾರ್ಯ. ಮುಂಭಾಗದಲ್ಲಿ ತನ್ನ ಹೆಸರನ್ನೂ ಹಾಕಿಸದೆ ಹಿಂದಿನ ಕಟ್ಟಡ ಕಟ್ಟಿಸಿದ್ದ ಅಗ್ರಿಪ್ಪನ ಹೆಸರನ್ನೇ ಕೆತ್ತಿಸಿದ್ದು ಅವನ ಎಚ್ಚರಕ್ಕೆ ಸಾಕ್ಷಿ.

ಇನ್ನೊಂದು ಆಕ್ಷೇಪ ಸಿಸಿಲಿ ದ್ವೀಪದಿಂದ ಬರುತ್ತದೆ. ಸೆಜೆಸ್ತಾದ ಗ್ರೀಕ್ ಶೈಲಿಯ ದೇಗುಲಕ್ಕೆ ಚಾವಣಿ ಏರಲೇ ಇಲ್ಲ, ಕಂಬಗಳ ಮೈಗೆ ಗೀರು ಕೊರೆಯಲೇ ಇಲ್ಲ. ಮೂವತ್ತಾರು ಕಂಬಗಳೂ ನಿಂತಿವೆ. ಇಷ್ಟು ನಮಗೆ ಅನುಕೂಲ. ಆದರೆ ಅದೇ ದ್ವೀಪದ ಸೆಲಿನುಂತೆಯಲ್ಲಿ, ವಿದ್ವಾಂಸರು ಜಿ ಎಂದು ಗುರುತಿಸುವ ಬೃಹತ್ ದೇಗುಲವೂ ಅಪೂರ್ಣವೇ, ಅದೇಕೆ ಕಲ್ಲುರಾಶಿಯಾಗಿ ಬಿದ್ದಿದೆ? ಹತ್ತಿರ ಹೋಗಿ ಪರಿಶೀಲಿಸಬೇಕು. ಅಲ್ಲಿ ಕೆಲವು ಕಂಬಗಳಿಗೆ ಗೀರು ಕೊರೆದಿದ್ದಾರೆ. ಅಂದರೆ ಮುಗಿಸುವ ದುರುದ್ದೇಶ ಇತ್ತು. ಅಪೂರ್ಣತೆ ಫಲಿಸಬೇಕಾದರೆ ಮನಃಪೂರ್ವಕವಾಗಿರಬೇಕು.

ದೊಡ್ಡ ಕಟ್ಟಡಗಳ ಮಾತಾಯಿತು, ಜನಸಾಮಾನ್ಯರ ಆಚಾರವೇನು ಎಂದು ಕೇಳುವವರು ಗ್ರೀಸಿನ ಮನೆಗಳ ಮೇಲ್ಛಾವಣಿ ನೋಡಲಿ. ಕೆಳಗೆ ಸಂಸಾರ ತುಂಬಿದೆ, ಮೇಲೆ ಕಾಂಕ್ರೀಟ್ ಕಂಬಗಳಿಂದ ಕಂಬಿಗಳು ಆಕಾಶಕ್ಕೆ ಚಾಚಿವೆ, ಮಗಳಿಗೋ ಮಗನಿಗೋ ಮುಂದೊಂದು ದಿನ ಏಳಬೇಕಾದ ಅಂತಸ್ತಿಗಾಗಿ. ಸ್ಪೇನಿನ ಸಣ್ಣ ಊರಿನ ಅಂಗಡಿಯವನು ಮಧ್ಯಾಹ್ನ ಶಟರ್ ಎಳೆದು ದಿನವನ್ನೇ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋಗುತ್ತಾನೆ. ಇಟಲಿಯ ಬಾರಿನಲ್ಲಿ ನಿಂತವರು ಕಾಫಿಯನ್ನು ಎರಡೇ ಗುಟುಕಿಗೆ ಮುಗಿಸುತ್ತಾರಲ್ಲ, ಇದು ಬಾಧಕವಲ್ಲವೇ? ಅಲ್ಲ. ಕಾಫಿ ಮುಗಿದ ಮೇಲೂ ಅವರ ಮಾತು ಮುಗಿಯುವುದಿಲ್ಲ. ಕಾಫಿ ಅಂಗ, ಮಾತು ಅಂಗಿ, ಎಂದರೆ ಪ್ರಧಾನ. ಅಂಗ ಮುಗಿದ ಮಾತ್ರಕ್ಕೆ ಅಂಗಿ ಮುಗಿಯಿತೆಂದು ಯಾವ ಮೀಮಾಂಸಕನೂ ಒಪ್ಪಲಾರ.

ಇನ್ನುಳಿದ ಆತಂಕ ಬಾರ್ಸಿಲೋನದ ಸಗ್ರಾದಾ ಫಮೀಲಿಯಾ ಒಂದೇ. 1882ರಲ್ಲಿ ಅಡಿಗಲ್ಲು ಬಿದ್ದ ಈ ಚರ್ಚು ಅಪೂರ್ಣಪೀಠಗಳಲ್ಲೇ ಅಗ್ರಪೀಠ. ವಾಸ್ತುಶಿಲ್ಪಿ ಆಂತೋನಿ ಗೌಡಿ 1926ರಲ್ಲಿ ಟ್ರಾಮಿಗೆ ಸಿಕ್ಕು ತೀರಿಕೊಂಡರೂ ಕೆಲಸ ಮುಂದುವರಿಯಿತು. ನಗರಸಭೆಯ ಕ್ರಮಬದ್ಧ ಪರವಾನಗಿ ದೊರೆತದ್ದು 2019ರಲ್ಲಿ, ಅಂದರೆ ಕಾಗದಪತ್ರವೂ 137 ವರ್ಷ ಅಪೂರ್ಣವಾಗಿಯೇ ಇತ್ತು. ಗೌಡಿಯ ಮರಣಶತಾಬ್ದಿಯ 2026ಕ್ಕೆ ಮುಖ್ಯ ಗೋಪುರವನ್ನು ಮುಗಿಸುವ ಗುರಿ ಇಟ್ಟುಕೊಂಡರೆಂದು ಕೇಳಿ ನಮ್ಮ ಪಂಥದವರು ತಲ್ಲಣಿಸಿದ್ದುಂಟು. ಆದರೆ ಗ್ಲೋರಿಯಾ ಮುಖದ್ವಾರಕ್ಕೆ ಯೋಜಿಸಿರುವ ಮಹಾಮೆಟ್ಟಿಲು ಮಾಯೋರ್ಕಾ ಬೀದಿಯನ್ನು ದಾಟಿ ಇಳಿಯಬೇಕು, ಆ ಬದಿಯಲ್ಲಿ ಜನ ವಾಸಿಸುವ ಮನೆಗಳಿವೆ, ಮನೆ ಬಿಡಲು ಅವರು ಸಿದ್ಧರಿಲ್ಲ. ನಿಗಮನ: ಗೋಪುರ ಎಷ್ಟೇ ಎತ್ತರಕ್ಕೆ ಹೋದರೂ ಅದನ್ನು ಕಾಪಾಡುತ್ತಿರುವವರು ಎದುರುಮನೆಯ ನಿವಾಸಿಗಳು. ಅವರ ವಕೀಲರು ದೀರ್ಘಾಯುಗಳಾಗಲಿ, ವಾಯಿದೆ ಕೇಳುವುದರಲ್ಲಿ ನಿಪುಣರಾಗಲಿ.