ಪೆನ್ನಾದ ತೋಟಾದ ಹೇಳಿಕೆ

ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾವನ್ನು ಲೇತ್‌ಗೆ ಕಚ್ಚಿಸಿ, ಒಳಗೊಂದು ರೀಫಿಲ್ ತೂರಿಸಿ, ‘ಕೈಯಿಂದ ಮಾಡಿದ ಪೆನ್ನು’ ಎಂದು ಮಖಮಲ್ಲಿನ ಡಬ್ಬಿಯಲ್ಲಿಟ್ಟು ಮಾರುವ ಚಾಳಿ ಈಗ ಮೊಬೈಲ್ ತೆರೆದವರ ಕಣ್ಣಿಗೆಲ್ಲ ಬೀಳುತ್ತಿದೆ. ನಿವೃತ್ತಿಯ ಕಾಣಿಕೆಗೆ, ಯಜಮಾನರ ಹುಟ್ಟುಹಬ್ಬಕ್ಕೆ ಹೇಳಿಮಾಡಿಸಿದ್ದು ಎಂಬ ಬಣ್ಣನೆ ಬೇರೆ. ಕಾಡುಗಳ್ಳ ವೀರಪ್ಪನ್ ಕಾಲದ ಪಾಲಾರ್, ಮೀಣ್ಯಂ, ರಾಮಾಪುರ ಎಂದರೆ ಸಾಕು, ಮುಂದಿನದನ್ನು ತಾವೇ ಹೇಳಬಲ್ಲ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರಿಗೆ ಆ ಡಬ್ಬಿ ಅಷ್ಟೇನೂ ಮುದ್ದಾಗಿ ಕಾಣಲಾರದು. ಹಾಗಾಗಿ ಅಂಥದ್ದೊಂದು ಪೆನ್ನನ್ನೇ ಈ ಸೀಮೆಯ ಮಾಂಬಳ್ಳಿಗೆ ಕರೆಸಿ ವಿಚಾರಿಸುವುದು ಒಳ್ಳೆಯದೆನಿಸಿತು. ಪೆನ್ನು ಬಸ್ಸಿನಲ್ಲೇ ಬಂತು. ರೈಲಿನಲ್ಲಿ ಕರೆಸೋಣವೆಂದರೆ ರೈಲೆಲ್ಲಿದೆ?

ಪ್ರಶ್ನೆ: ತಮ್ಮ ಹುಟ್ಟೂರು, ಮನೆತನ?

ಪೆನ್ನು: ಹುಟ್ಟಿದ್ದು ಪುಣೆ ಪಕ್ಕದ ಕಿರ್ಕೀ ಕಾರ್ಖಾನೆಯಲ್ಲಿ ಸ್ವಾಮಿ. ತ್ರೀ ನಾಟ್ ತ್ರೀ ಮನೆತನ. ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ತಳದಲ್ಲಿ ‘ಕೆಎಫ್’ ಎಂಬ ಮುದ್ರೆ, ಪಕ್ಕದಲ್ಲಿ ಇಸವಿ. ನಟ್ಟನಡುವೆ ಕಡಲೆಕಾಳಿನಷ್ಟು ಪ್ರೈಮರ್, ಅದರ ಮೇಲೆ ಫೈರಿಂಗ್ ಪಿನ್ ಕುಟ್ಟಿದ ಕುಳಿ. ಆ ಕುಳಿಯೇ ನನ್ನ ಜಾತಕ. ಎರಡು ತೋಟಾಗಳನ್ನು ಸೂಕ್ಷ್ಮದರ್ಶಕದಡಿ ಪಕ್ಕಪಕ್ಕ ಇಟ್ಟರೆ, ಎರಡೂ ಒಂದೇ ಬಂದೂಕಿನಿಂದ ಹೊರಬಿದ್ದವೋ ಅಲ್ಲವೋ ಅಂತ ಬಲ್ಲವರು ಹೇಳಿಬಿಡ್ತಾರೆ. ನನ್ನನ್ನು ಚೆಂದ ಮಾಡ್ತೀನಿ ಅಂತ ಬಂದ ಪುಣ್ಯಾತ್ಮ ಮೊದಲು ಕೊರೆದದ್ದೇ ಅದನ್ನ! ಅಲ್ಲಿ ತೂತು ಮಾಡಿ ಒತ್ತುವ ಗುಂಡಿ ಕೂರಿಸಿದ. ಅಂಚಿನಲ್ಲಿ ಎಕ್ಸ್‌ಟ್ರಾಕ್ಟರ್ ಎಳೆದ ಗೀರಿತ್ತು. ಅದನ್ನೂ ಬಫ್ ಹೊಡೆದು ಅಳಿಸಿದ.

ಪ್ರಶ್ನೆ: ಹಾರಿಸಿದವರು ಯಾರು? ಯಾವ ಕಾಡಿನಲ್ಲಿ?

ಪೆನ್ನು: ಅದನ್ನೇ ಹೇಳ್ತಿರೋದು, ಕೊರೆದುಬಿಟ್ಟರು ಅಂತ!

ಪ್ರಶ್ನೆ: 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ವೀರಪ್ಪನ್ ತಂಡದ ಗುಂಡಿಗೆ ಬಲಿಯಾದರು. ಮರುವರ್ಷ ಏಪ್ರಿಲ್ 9ರಂದು ಪಾಲಾರ್‌ನಲ್ಲಿ 22 ಮಂದಿ ಹೋದರು. ನಿಮಗೇನಾದರೂ ನೆನಪು?

ಪೆನ್ನು: ಪಾಲಾರ್‌ದು ನೆಲಬಾಂಬು, ನಮ್ಮ ಪೈಕಿಯಲ್ಲ. ಬೇರೆಯವರ ಸುದ್ದಿ ಬಿಡಿ. ಆ ಬಫಿಂಗ್ ಚಕ್ರ ಎಷ್ಟು ಕಾಯುತ್ತೆ ಗೊತ್ತಾ? ಅದರ ಮೇಲೆ ಮೆರುಗೆಣ್ಣೆ ಬೇರೆ ಬಳಿದರು. ಕೊರೆದದ್ದು ಸಾಲದು ಅಂತ!

ಪ್ರಶ್ನೆ: ಹೋಗಲಿ, ಈಗ ಪೆನ್ನಾಗಿದ್ದೀರಿ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಹಾದು ಬರಬೇಕಾದ ಹೆಜ್ಜಾಲ–ಚಾಮರಾಜನಗರ ರೈಲುಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1996–97ರಲ್ಲಿ. 142 ಕಿಲೋಮೀಟರ್. ಆ ಕಡತಕ್ಕೆ ನಿಮ್ಮಿಂದಲೇ ಒಂದು ಸಹಿ ಹಾಕಿಸಿದರೆ ಹೇಗೆ?

ಪೆನ್ನು: ಸ್ವಾಮಿ, ಸಂದರ್ಶನ ನನ್ನದೋ, ರೈಲಿನದೋ?

ನಗೆ ಇಲ್ಲಿಗೆ ಸಾಕು. ಪೆನ್ನಿನ ಗೊಣಗಾಟ ಬರೀ ಸ್ವಾರ್ಥದ್ದಾದರೂ ಅದರಲ್ಲಿ ಸತ್ಯವಿದೆ: ಖಾಲಿ ತೋಟಾ ಮೊದಲು ಸಾಕ್ಷಿ, ಹಿತ್ತಾಳೆಯ ಮಾತು ಆಮೇಲೆ. ಈ ಸೀಮೆಯಲ್ಲಂತೂ ಹಾಗೆ. 1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರ ಠಾಣೆಗೆ ನುಗ್ಗಿ ಪೊಲೀಸರನ್ನು ಕೊಂದು ಬಂದೂಕುಗಳನ್ನು ಹೊತ್ತೊಯ್ದಿತು. ಪೊಲೀಸರ ಬಂದೂಕೇ ಕಳ್ಳರ ಹೆಗಲೇರಿದ ಕಾಡಿನಲ್ಲಿ ತೋಟಾದ ಜಾತಿ ನೋಡಿ ಹಾರಿಸಿದವರು ಯಾರೆಂದು ಹೇಳಲಾಗದು. ಯಾವ ಬಂದೂಕೆಂದೇ ಹೇಳಬೇಕು, ಅದಕ್ಕೆ ಆ ಕುಳಿಯೇ ಬೇಕು. ವೀರಪ್ಪನ್ ಬೇಟೆಗೆ ನಿಂತ ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದ್ದು 1999ರಲ್ಲಿ. ಅಷ್ಟರಲ್ಲಿ ಎಷ್ಟು ಮಳೆಗಾಲ ಕಳೆದಿತ್ತು! ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಎಂದದ್ದು 2007ರಲ್ಲಿ. ಎನ್‌ಕೌಂಟರ್ ನಡೆದರೆ ಹಾರಿಸಿದ ಬಂದೂಕನ್ನು ಪರೀಕ್ಷೆಗೆ ಒಪ್ಪಿಸಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2014ರಲ್ಲಿ. ಗಂಡನನ್ನು ಜೀಪು ಹತ್ತಿಸಿದ್ದನ್ನು ಕಂಡ ಹೆಂಗಸಿಗೂ, ಸಮವಸ್ತ್ರದಲ್ಲಿ ಹೋದವನ ಹೆಣ ಪಡೆದ ತಾಯಿಗೂ ಈ ಇಸವಿಗಳನ್ನು ಓದಿ ಹೇಳುವ ಧೈರ್ಯ ಯಾರಿಗಿದೆ? ಇಂಥ ನೆಲದಲ್ಲಿ ತೋಟಾದ ತಳ ಕೊರೆದು ‘ವೀರರ ನೆನಪಿಗೆ’ ಎಂದು ರಿಬ್ಬನ್ ಕಟ್ಟುವುದು ನಾಚಿಕೆಗೇಡು.

ಕೊಲ್ಲುವ ಲೋಹ ಬರೆಯುವ ಲೋಹವಾದರೆ ಒಳ್ಳೆಯದೇ ಅಲ್ಲವೆ ಎನ್ನುವವರಿದ್ದಾರೆ. ಮೊದಲ ಮಹಾಯುದ್ಧದ ಸೈನಿಕರೂ ಶೆಲ್ಲಿನ ಚಿಪ್ಪಿಗೆ ಹೂಬಳ್ಳಿ ಕೆತ್ತಿದ್ದರು, ನಿಜ. ಆದರೆ ಆ ಯುದ್ಧದಲ್ಲಿ ಯಾರು ಯಾರಿಗೆ ಗುಂಡಿಟ್ಟರು ಎಂಬ ತಗಾದೆ ಇರಲಿಲ್ಲ. ಈಗಿನ ಪೆನ್ನುಗಳ ಹಿತ್ತಾಳೆ ಗುರಿ ಅಭ್ಯಾಸದ ಮೈದಾನದ್ದು, ಕಾಡಿನದಲ್ಲ ಎಂಬುದು ಇನ್ನೊಂದು ತಕರಾರು. ಇದು ಗಟ್ಟಿಯಾದ ಮಾತು. ಅಭ್ಯಾಸ ಮುಗಿದ ಮೇಲೆ ಖಾಲಿ ತೋಟಾ ಹೆಕ್ಕಿ, ಎಣಿಸಿ, ಶಸ್ತ್ರಾಗಾರಕ್ಕೆ ಒಪ್ಪಿಸುವ ಪದ್ಧತಿ ಇದ್ದೇ ಇದೆ. ಲೆಕ್ಕ ಮುಗಿದು ಗುಜರಿಗೆ ಹೋದ ಹಿತ್ತಾಳೆಯಲ್ಲಿ ಪೆನ್ನಾದರೂ ಮಾಡಲಿ, ಉದ್ಧರಣೆಯಾದರೂ ಮಾಡಲಿ, ಯಾರ ಅಡ್ಡಿಯೂ ಇಲ್ಲ. ಹಾಗಿದ್ದರೆ ಆ ಗುಜರಿ ಚೀಟಿಯ ನಕಲನ್ನು ಡಬ್ಬಿಯಲ್ಲಿಡಲು ಸಂಕೋಚವೇಕೆ? ಕಾಡಿನಲ್ಲಿ ಸದ್ದು ಮಾಡುವುದೆಲ್ಲ ಬೇಟೆಯವರ ನಾಡಬಂದೂಕು ಎಂದು ಸಮಜಾಯಿಷಿ ಕೊಡುವವರಿಗೆ ಒಂದೇ ಉತ್ತರ: ಬಾಯಿಂದ ಮದ್ದು ತುಂಬುವ ನಾಡಬಂದೂಕು ತೋಟಾ ಬೀಳಿಸುವುದಿಲ್ಲ. ಕಾಡಿನಲ್ಲಿ ತೋಟಾ ಬಿದ್ದಿದೆಯೆಂದರೆ ಅದನ್ನು ಹಾರಿಸಿದ್ದು ಬೇರೆ ಬಗೆಯ ಬಂದೂಕು. ಅದು ಪೊಲೀಸರದೋ ಪರವಾನಗಿಯದೋ ಆಗಿದ್ದರೆ ಅದಕ್ಕೊಂದು ಲೆಕ್ಕದ ಪುಸ್ತಕ ಇದ್ದಿರಲೇಬೇಕು.

ಪ್ರಶ್ನೆ: ಕಡೆಯದಾಗಿ, ಓದುಗರಿಗೆ ಏನಾದರೂ?

ಪೆನ್ನು: ಡಬ್ಬಿ ತೆರೆದ ಕೂಡಲೇ ನನ್ನನ್ನು ತಲೆಕೆಳಗು ಮಾಡಿ ತಳ ನೋಡಿ. ಅಲ್ಲೇನಿತ್ತು ಅಂತ ಮಾರಿದವನನ್ನ ಕೇಳಿ. ನಿಮ್ಮ ರೈಲಿನ ವಿಷಯ ನನ್ನನ್ನ ಕೇಳಬೇಡಿ.

ಈ ಪೆನ್ನು ಕೊಳ್ಳಬೇಕೆನ್ನುವವರು ದಯವಿಟ್ಟು ಬಿಲ್ಲಿನ ಜೊತೆಗೆ ಹಿತ್ತಾಳೆ ಎಲ್ಲಿಂದ ಬಂತೆಂಬ ಚೀಟಿಯನ್ನೂ ಕೇಳಿ ಪಡೆಯಿರಿ. ಕೊಡಲು ತಡವರಿಸಿದರೆ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ. ಮಾಂಬಳ್ಳಿಯ ಅಂಗಡಿಗಳಲ್ಲಿ ಹತ್ತು ರೂಪಾಯಿಗೆ ಒಳ್ಳೆಯ ಪೆನ್ನು ಸಿಗುತ್ತದೆ.