ನೋವಿಲ್ಲ ತಾನೇ? ಹಾಗಾದರೆ ಹಲ್ಲು ಕೀಳೋಣ

ದವಡೆ ಊದಿದೆ. ನೋವಿಲ್ಲ. ನೋವಿಲ್ಲದ ಊತಕ್ಕೆ ನಮ್ಮಲ್ಲಿ ಮರ್ಯಾದೆಯೂ ಇಲ್ಲ.

ಮೊದಲು ಮನೆಯವರ ಸರದಿ. ಅರಿಸಿನ ಅರೆದು ಹಚ್ಚುತ್ತಾರೆ. 'ಸ್ವಲ್ಪ ದಪ್ಪ ಆಗಿದ್ದೀಯ, ಅಷ್ಟೆ' ಎಂದು ಸಂತೋಷವನ್ನೂ ಪಡುತ್ತಾರೆ. ಆಮೇಲೆ ಡಾಕ್ಟರ ಸರದಿ. ಐದು ದಿನ ಆಂಟಿಬಯಾಟಿಕ್. ಇಳಿಯಲಿಲ್ಲವೇ? ಇನ್ನೈದು ದಿನ. ಅಷ್ಟರಲ್ಲಿ ಹಲ್ಲು ಅಲುಗಾಡುತ್ತದೆ. ಕಿತ್ತು ಕೈಗೆ ಕೊಡುತ್ತಾರೆ. ಬುಡದ ಮೂಳೆ ಯಾಕೆ ಕರಗಿತು ಅಂತ ಕೇಳುವವರಿಲ್ಲ.

ಕಾರಣ ಅಮೆಲೋಬ್ಲಾಸ್ಟೋಮಾ ಎಂಬ ಅಪರೂಪದ ಗಡ್ಡೆಯೂ ಇರಬಹುದು. ಕ್ಯಾನ್ಸರ್ ಅಲ್ಲ. ಹೆಚ್ಚಾಗಿ ಕೆಳದವಡೆಯ ಹಿಂಭಾಗದಲ್ಲಿ ಕೂತು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಹೊರಗಿನ ಮೂಳೆ ಮೊಟ್ಟೆಯ ಸಿಪ್ಪೆಯಷ್ಟು ತೆಳುವಾಗಿ, ಬೆರಳಲ್ಲಿ ಒತ್ತಿದರೆ ಚರಚರ ಎನ್ನುವುದೂ ಉಂಟು. ಆದರೆ ಒತ್ತಬೇಕಲ್ಲ! ಇಡೀ ದವಡೆ ಒಂದೇ ಫಿಲ್ಮಿನಲ್ಲಿ ಕಾಣುವ ಒಪಿಜಿ ಎಕ್ಸ್‌ರೇಗೆ ಕೆಲವು ನೂರು ರೂಪಾಯಿ. ನಗು ತಿದ್ದಲು ಕ್ಲಿನಿಕ್ಕಿನಲ್ಲಿ ಕಂಪ್ಯೂಟರ್ ಇದೆ. ನಗುವವನ ಮೂಳೆ ನೋಡಲು ಪುರುಸೊತ್ತಿಲ್ಲ.

ಕೊನೆಗೆ 'ಸಿಸ್ಟ್ ಇರಬೇಕು' ಅಂತ ಕೆರೆದು ತೆಗೆಯುತ್ತಾರೆ. ಕೆರೆದದ್ದು ಎಲ್ಲಿಗೆ ಹೋಯಿತು? ಹಳದಿ ಚೀಲಕ್ಕೆ. ಆಸ್ಪತ್ರೆ ತ್ಯಾಜ್ಯದ ನಿಯಮ ಮಾತ್ರ ಚಾಚೂ ತಪ್ಪದೆ ಪಾಲನೆಯಾಯಿತು. ಈ ಗಡ್ಡೆ ಕೆರೆದಷ್ಟಕ್ಕೇ ಬಿಟ್ಟುಹೋಗುವ ಜಾತಿಯದಲ್ಲ. ಮೂಳೆಯ ಸಂದಿಯಲ್ಲಿ ಉಳಿದದ್ದು ಎಷ್ಟೋ ವರ್ಷದ ಮೇಲೂ ತಲೆ ಎತ್ತುತ್ತದೆ.

ಪುಣ್ಯವಂತರ ತುಣುಕು ಬಯಾಪ್ಸಿಗೆ ಹೋಗುತ್ತದೆ. ಜೊತೆಗೊಂದು ಚೀಟಿ: 'ದವಡೆ ಊತ.' ಮುಗಿಯಿತು. ವಯಸ್ಸಿಲ್ಲ, ಜಾಗವಿಲ್ಲ. ಎಕ್ಸ್‌ರೇ ರೋಗಿಯ ಮನೆಯ ಬೀರುವಿನಲ್ಲಿ. ಫೈಬ್ರಸ್ ಡಿಸ್‌ಪ್ಲೇಸಿಯಾ, ಆಸಿಫೈಯಿಂಗ್ ಫೈಬ್ರೋಮಾ ಎಂಬ ಮೂಳೆಯ ಎರಡು ರೋಗಗಳು ಸೂಕ್ಷ್ಮದರ್ಶಕದಡಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಮೊದಲನೆಯದು ಸುತ್ತಲಿನ ಮೂಳೆಯಲ್ಲಿ ಬೆರೆತಿರುತ್ತದೆ, ಎರಡನೆಯದಕ್ಕೆ ಗಡಿ ಸ್ಪಷ್ಟ. ಆ ಗಡಿ ಕಾಣುವುದು ಎಕ್ಸ್‌ರೇಯಲ್ಲಿ. ಪೆಥಾಲಜಿಸ್ಟ್ ಏನು ಕವಡೆ ಹಾಕಿ ನೋಡಬೇಕೇ?

ದವಡೆಯಲ್ಲೇ ಏಳುವ ಜೈಂಟ್ ಸೆಲ್ ಗಡ್ಡೆಯ ಕಥೆ ಇನ್ನೂ ಚೆನ್ನ. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ದವಡೆಯಲ್ಲಿ ಥೇಟು ಅಂಥದೇ ಗಡ್ಡೆ ಏಳಬಹುದು. ಸ್ಲೈಡಿನಲ್ಲಿ ವ್ಯತ್ಯಾಸವೇ ತಿಳಿಯದು. ಬೇಕಾದದ್ದು ರಕ್ತದಲ್ಲಿ ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷೆ. ಅದನ್ನು ಬರೆಯುವ ಕೈ ಯಾರದು? ಹಲ್ಲಿನವರು 'ನಮ್ಮದಲ್ಲ' ಅಂದರು, ಫಿಸಿಶಿಯನ್ 'ಬಾಯಿ ನಮ್ಮದಲ್ಲ' ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಗ್ರಂಥಿಯ ತಪ್ಪಿಗೆ ದವಡೆಗೆ ಕತ್ತರಿ.

ವಿಶ್ವ ಆರೋಗ್ಯ ಸಂಸ್ಥೆಯೂ ಗೊಂದಲ ಮಾಡಿಕೊಳ್ಳುತ್ತದೆ, ನಿಜ. ಓಡಾಂಟೋಜೆನಿಕ್ ಕೆರಟೋಸಿಸ್ಟ್ ಎಂಬ ದವಡೆಯ ಸಿಸ್ಟ್ ಅನ್ನು 2005ರಲ್ಲಿ ಗಡ್ಡೆಯ ಸಾಲಿಗೆ ಸೇರಿಸಿತು, 2017ರಲ್ಲಿ ಮತ್ತೆ ಸಿಸ್ಟ್ ಸಾಲಿಗೆ ತಂದಿತು. ಆದರೆ ಅವರು ನೋಡಿ ಗೊಂದಲಗೊಂಡರು. ನಮ್ಮವರಿಗೆ ನೋಡದೆಯೇ ಖಚಿತ. ಅಮೆಲೋಬ್ಲಾಸ್ಟೋಮಾದಲ್ಲಿ ಬಿಆರ್‌ಎಎಫ್ ವಂಶವಾಹಿಯ ದೋಷ 2014ರಲ್ಲೇ ಪತ್ತೆಯಾಯಿತು. ಇಲ್ಲಿ ಇನ್ನೂ ಐದು ದಿನದ ಕೋರ್ಸೇ ಮುಗಿದಿಲ್ಲ.

ತಡವಾದವನಿಗೆ ಅರ್ಧ ದವಡೆ ತೆಗೆದು, ಕಾಲಿನ ಮೂಳೆ ತಂದು ಕೂರಿಸುತ್ತಾರೆ. ಬಿಲ್ಲು ಲಕ್ಷದಲ್ಲಿ. ವಿಮೆಗೆ ಅರ್ಜಿ ಹಾಕಿದರೆ ಉತ್ತರ: ದಂತ ಚಿಕಿತ್ಸೆ ಪಾಲಿಸಿಗೆ ಒಳಪಡುವುದಿಲ್ಲ.

ಯಾವ ದಂತ, ಸ್ವಾಮಿ? ಅವನ್ನೆಲ್ಲ ಆಗಲೇ ಕಿತ್ತಿದ್ದೀರಲ್ಲ.