ಕೊಸರಿಲ್ಲದ ಜಿಬಿ

ನಮ್ಮವ್ವ ಲಿಂಬೆ ಎಣಿಸಲು ಕುಳಿತರೆ ಬಾಯಲ್ಲಿ ‘ಒಂದು’ ಬರುವುದಿಲ್ಲ. ಜೋಳ ಅಳೆಯುವವರ ಹಾಗೆ ‘ಲಾಭ’ ಎಂದೇ ಶುರು. ಐದೈದು ಹಣ್ಣು ಹಿಡಿದು ಚೀಲಕ್ಕೆ ಬಿಡುತ್ತ ಇಪ್ಪತ್ತು ಹಿಡಿಯಾದರೆ ನೂರು, ಆಮೇಲೆ ಕೊಸರು. ಕೊಸರು ಹಾಕದೆ ಬಾಯಿ ಕಟ್ಟಿದ ಚೀಲದಲ್ಲಿ ನೂರು ಪೂರಾ ಇಲ್ಲ ಎಂಬುದು ಅವಳ ಗಣಿತ. ನಮ್ಮೂರು ಇಂಡಿಯ ಲಿಂಬೆಗೆ ಜಿಐ ಮಾನ್ಯತೆ ಸಿಕ್ಕಿದೆ. ಈ ಗಣಿತಕ್ಕೆ ಇನ್ನೂ ಸಿಕ್ಕಿಲ್ಲ.

ಇಂಥ ಮನೆಗೆ ನಾನು 64 ಜಿಬಿಯ ಪೆನ್‌ಡ್ರೈವ್ ತಂದೆ, ತಂಗಿಯ ಮದುವೆ ವಿಡಿಯೊ ತುಂಬಿಸಿಡಲು. ಕಂಪ್ಯೂಟರಿಗೆ ಚುಚ್ಚಿದರೆ 59 ಚಿಲ್ಲರೆ ತೋರಿಸಿತು. ಹೊಚ್ಚ ಹೊಸದು, ಒಳಗೇನೂ ಇಲ್ಲ. ‘ನಾಕ ಜಿಬಿ ಎಲ್ಲಿ ಹ್ವಾದು?’ ಎಂದು ಗೊಣಗಿದ್ದು ಅವ್ವನ ಕಿವಿಗೆ ಬಿತ್ತು.

‘ತೂಕದಾಗ ಹೊಡದಾನ. ನಡಿ, ಕೇಳೂಣು’ ಎಂದು ಸೆರಗು ಸಿಗಿಸಿಯೇಬಿಟ್ಟಳು.

ಅಂಗಡಿಯ ಹುಡುಗ ತಲೆ ಎತ್ತದೆ ಹೇಳಿದ: ‘ಯವ್ವಾ, ಇದು ಕಂಪನಿ ಲೆಕ್ಕರಿ. ಎಲ್ಲಾ ಹಿಂಗ ಬರ್ತಾವ.’

ಹುಡುಗನದು ಸುಳ್ಳಲ್ಲ. ಮಾರುವವರಿಗೆ ಕಿಲೊ ಎಂದರೆ ಸಾವಿರ. ನನ್ನ ವಿಂಡೋಸ್ ಕಂಪ್ಯೂಟರಿಗೆ ಎರಡರ ಮೇಲೆಯೇ ಪ್ರೀತಿ. ಎರಡನ್ನು ಎರಡರಿಂದಲೇ ಗುಣಿಸುತ್ತ ಹತ್ತನೆಯ ಮೆಟ್ಟಿಲಿಗೆ ಬರುವ 1024 ಅದಕ್ಕೆ ಕಿಲೊ. ಅಂದರೆ ಯಂತ್ರ ಅವ್ವನ ಪಕ್ಷ: ಸಾವಿರಕ್ಕೆ 24 ಕೊಸರು! ಅದೂ ಚಕ್ರಬಡ್ಡಿಯಂತೆ ಬೆಳೆಯುವ ಕೊಸರು. ಕಿಲೊದಲ್ಲಿ ನೂರಕ್ಕೆ 2.4, ಮೆಗಾದಲ್ಲಿ 4.9, ಗಿಗಾಕ್ಕೆ ಬರುವಷ್ಟರಲ್ಲಿ 7.4. ಒಂದು ಟಿಬಿ ಡಿಸ್ಕ್ ಕೊಂಡವನಿಗೆ 931 ಜಿಬಿ ಕಾಣುವುದು ಇದಕ್ಕೇ. ಜಗಳ ಬಿಡಿಸಲು ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1998ರಲ್ಲಿ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂದು ಬೇರೆ ಹೆಸರಿಟ್ಟಿತು. ತೊಟ್ಟಿಲ ಕೂಸಿನ ಮಾತಿನಂಥ ಈ ಹೆಸರುಗಳನ್ನು ಬಜಾರಿನಲ್ಲಿ ಯಾರು ಕೇಳಬೇಕು?

ದಾರಿಯುದ್ದಕ್ಕೂ ಇದನ್ನೆಲ್ಲ ವಿವರಿಸಿದೆ. ಅವ್ವ ಸಾವಧಾನವಾಗಿ ಕೇಳಿ, ‘ಕೊಸರ ಕೊಡೂದ ಬ್ಯಾಡಂತ ಲೆಕ್ಕಾನ ಬದಲಿ ಮಾಡ್ಯಾರ, ಅಷ್ಟ ಹೌದಲ್ಲ?’ ಎಂದಳು.

ಉಳಿದ ಜಾಗದಲ್ಲೂ ಕನ್ನಡಕ್ಕೆ ಖರ್ಚು ಹೆಚ್ಚು. ಊರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 4 ಬೈಟು. ‘ಇಂಡಿ’ ಎಂದು ಕನ್ನಡದಲ್ಲಿ ಬರೆದರೆ ಯುಟಿಎಫ್-8 ಲೆಕ್ಕಕ್ಕೆ 12: ಇ, ಸೊನ್ನೆ, ಡ, ಗುಡಿಸು, ಒಂದೊಂದಕ್ಕೆ ಮೂರರಂತೆ. ಬಸವನ ಬಾಗೇವಾಡಿಗಂತೂ ನಡುವಿನ ಖಾಲಿ ಜಾಗದ ಒಂದು ಸೇರಿ 37. ಇದನ್ನು ಅವ್ವನಿಗೆ ಹೇಳಲಿಲ್ಲ. ತಿರುಗಿ ಅಂಗಡಿಗೆ ಹೊರಟುಬಿಟ್ಟಾಳು.

ಮುಂದಿನ ವಾರ ಅದೇ ಹುಡುಗ ಉಪ್ಪಿನಕಾಯಿಗೆಂದು ನೂರು ಲಿಂಬೆ ಕೇಳಿಕೊಂಡು ಮನೆಗೇ ಬಂದ. ಅವ್ವ ‘ಲಾಭ’ದಿಂದ ಶುರುಮಾಡಿ, ಇಪ್ಪತ್ತನೆಯ ಹಿಡಿ ಬಿಟ್ಟವಳೇ ಕೈ ಝಾಡಿಸಿಕೊಂಡಳು. ಹುಡುಗ ಚೀಲದ ಬಾಯಿ ಅಗಲಿಸಿಕೊಂಡೇ ನಿಂತ.

‘ಯಾಕಪಾ?’

‘ಕೊಸರ, ಯವ್ವಾ...’

‘ಇದು ಕಂಪನಿ ಲೆಕ್ಕ. ಎಲ್ಲಾ ಹಿಂಗ ಬರ್ತಾವ.’

ಹುಡುಗ ಪೆಚ್ಚಾದ. ಅವ್ವ ನಕ್ಕು ಒಂದೊಂದೇ ಹಣ್ಣು ಹಾಕತೊಡಗಿದಳು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಏಳು, ಗಿಗಾದ ಕೊಸರಿಗೆ ಸರಿಯಾಗಿ. ಉಳಿದ ಪಾಯಿಂಟ್ ನಾಲ್ಕಕ್ಕೆ ಹುಡುಗ ಜಗಳ ತೆಗೆಯಲಿಲ್ಲ.